ಗುಂಡಜ್ಜನ ಎಣ್ಣೆ ತಟ್ಟೆ

ಬರೋಡಾ ಸ್ಟೇಷನ್ನಿನಲ್ಲಿ ಇಳಿದವರು ಯಾರನ್ನೂ ದಾರಿ ಕೇಳದೆ ನೇರ ನಮ್ಮ ಹೋಟೆಲಿಗೆ ಬಂದು ಕೂರುತ್ತಿದ್ದರು. ಸಾಂಬಾರಿನ ಪರಿಮಳ ಹಿಡಿದು ಬರುತ್ತಾರೆ ಎಂದು ಅಡುಗೆಯ ನಾರಾಯಣ ಭಟ್ಟರು ಎದೆ ಉಬ್ಬಿಸುತ್ತಿದ್ದರು. ಶುದ್ಧ ಸುಳ್ಳು. ಜನ ಬರುತ್ತಿದ್ದದ್ದು ಗುಂಡಜ್ಜನ ಕೆಮ್ಮು ಕೇಳಿಕೊಂಡು. ಬೆಳಿಗ್ಗೆ ಅವನು ಒಮ್ಮೆ ಗಂಟಲು ಸರಿಮಾಡಿಕೊಂಡರೆ ನಮ್ಮ ಪೇಟೆ ಸಯಾಜಿಗಂಜಿನ ಪಾರಿವಾಳಗಳೆಲ್ಲ ಎದ್ದು ಹಾರಿ, ಆಣಂದದವರೆಗೆ ಹೋಗಿ, ಅಲ್ಲಿ ಡೈರಿಯ ಹಾಲು ಕುಡಿದು ಸುಧಾರಿಸಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸಾಗುತ್ತಿದ್ದವು.

ಗುಂಡಜ್ಜ ಮನುಷ್ಯನಲ್ಲ, ಇಂಜಿನ್ನು. ವಿಲಾಯತಿಯಲ್ಲಿ ಹುಟ್ಟಿ, ಯಾವುದೋ ಹತ್ತಿಯ ಗಿರಣಿಯಲ್ಲಿ ಯೌವನ ಕಳೆದು, ಮುದುಕನಾದ ಮೇಲೆ ನಮ್ಮ ಸದಾಶಿವ ರಾಯರ ಹೋಟೆಲಿನ ಹಿತ್ತಲಿಗೆ ಬಂದು ರುಬ್ಬುವ ಕಲ್ಲು ತಿರುಗಿಸುವ ಕೆಲಸಕ್ಕೆ ನಿಂತವನು. ಮಲಗಿದ ಎಮ್ಮೆಕರುವಿನಷ್ಟು ಗಾತ್ರ. ಏಳಲಿಕ್ಕೆ ಒಂದು ಗುಟುಕು ಪೆಟ್ರೋಲು ಬೇಕು, ಎದ್ದ ಮೇಲೆ ಸೀಮೆಎಣ್ಣೆಯಲ್ಲೇ ದಿನ ದೂಡುತ್ತಿದ್ದ. ಅವನ ಗಾಲಿಯಿಂದ ಕಲ್ಲಿಗೆ ಒಂದು ಬೆಲ್ಟು. ಅವನು ರುಬ್ಬಿದ ಉದ್ದಿನ ಹಿಟ್ಟಿನ ಇಡ್ಲಿ ಎಷ್ಟು ಹಗುರ ಎಂದರೆ, ಫ್ಯಾನಿನ ಕೆಳಗೆ ಕೂತ ಗಿರಾಕಿಗಳಿಗೆ ನಾವು ಇಡ್ಲಿಯ ಮೇಲೊಂದು ಲೋಟ ಇಟ್ಟು ಕೊಡಬೇಕಾಗುತ್ತಿತ್ತು.

ನಾನು ವಿಠ್ಠಲ, ಗುಂಡಜ್ಜನ ಮೆಕ್ಯಾನಿಕ್ಕು. ಬ್ರಹ್ಮಾವರದಿಂದ ಬಂದಾಗ ಸಪ್ಲೈಗೆಂದು ಸೇರಿದ್ದೆ. ಒಂದು ದಿನ ಅಜ್ಜ ಅರ್ಧ ಹಿಟ್ಟಿನಲ್ಲಿ ಮುನಿಸಿಕೊಂಡು ನಿಂತುಬಿಟ್ಟ. ಊರಿನ ಮಿಸ್ತ್ರಿಗಳೆಲ್ಲ ಬಂದು ತಲೆಯಾಡಿಸಿ ಹೋದರು. ನಾನು ಹತ್ತಿರ ಹೋಗಿ, ಎದೆಗೆ ಕಿವಿಗೊಟ್ಟು ಕೇಳಿ, ಬಲಗಾಲಿನಿಂದ ಒಂದು ಒದೆ ಕೊಟ್ಟೆ. ಎದ್ದ! ಅಂದಿನಿಂದ ನನ್ನ ಕೈಯ ಸಪ್ಲೈ ತಟ್ಟೆ ಇಳಿದು ಸ್ಪ್ಯಾನರು ಏರಿತು. ಕೇಳಿದವರಿಗೆ ‘ಟೈಮಿಂಗ್ ಸರಿಮಾಡಿದೆ’ ಎನ್ನುತ್ತಿದ್ದೆ.

ಆದರೆ ಊರ ಹೊರಗಿನ ಕೋಯಲಿಯಲ್ಲಿ ಎಣ್ಣೆಯ ರಿಫೈನರಿ ಶುರುವಾಗಿ ಎರಡನೆಯ ದಸರಾ ಹತ್ತಿರವಾಗುವ ಹೊತ್ತಿಗೆ ಅಜ್ಜನ ಆರೋಗ್ಯ ಕೆಟ್ಟಿತು. ಒಳಗೆ ಯಾರೋ ಅವಲಕ್ಕಿ ಕುಟ್ಟುತ್ತಿರುವ ಹಾಗೆ ಬಡಿತ. ಹೊಟ್ಟೆಯ ಕೆಳಗೆ ಎಣ್ಣೆಯ ಮಡು. ಹೊಗೆಯಂತೂ ಒಳಗೆ ನುಗ್ಗಿ, ಗಿರಾಕಿಗಳು ಚಟ್ನಿ ಎಲ್ಲಿದೆ ಎಂದು ಮುಟ್ಟಿ ಹುಡುಕಬೇಕಾಗಿತ್ತು. ಇದೇ ಹೊತ್ತಿಗೆ ಸರಿಯಾಗಿ ಜಶುಭಾಯ್ ಎಂಬ ಕರೆಂಟ್ ಮೋಟರಿನ ವ್ಯಾಪಾರಿ ದಿನಾ ಬಂದು ರಾಯರ ಗಲ್ಲಾದ ಪಕ್ಕ ಕೂತು, ಒಂದು ಕಾಫಿಗೆ ಒಂದು ಗಂಟೆ ಮಾತಾಡತೊಡಗಿದ.

“ಶೇಠ್, ಗುಂಡಿ ಒತ್ತಿದರೆ ಸಾಕು. ಹೊಗೆ ಇಲ್ಲ, ಗಲಾಟೆ ಇಲ್ಲ, ಮೆಕ್ಯಾನಿಕ್ಕೂ ಬೇಡ,” ಎಂದು ಕೊನೆಯ ಮಾತನ್ನು ನನ್ನ ಕಡೆ ನೋಡಿಯೇ ಹೇಳುತ್ತಿದ್ದ.

ಒಂದು ಸಂಜೆ ರಾಯರು ನನ್ನನ್ನು ಕರೆದರು. ರಾಯರು ಸಿಟ್ಟು ಮಾಡುವವರಲ್ಲ. ಅದೇ ತೊಂದರೆ. ಮೆತ್ತಗೆ ಹೇಳಿದ್ದನ್ನು ಬದಲಿಸುವವರೂ ಅಲ್ಲ.

“ವಿಠ್ಠಲ, ದಶಮಿ ದಿನ ಬೆಳಿಗ್ಗೆ ಜಶುಭಾಯ್ ಮೋಟರ್ ತಕೊಂಡು ಬರ್ತಾನೆ. ಹೊಸತು ತಕೊಳ್ಳಿಕ್ಕೆ ಒಳ್ಳೆ ದಿನ. ಅವನ ಎದುರು ನಿನ್ನ ಅಜ್ಜ ಬಡಿಯದೆ, ಎಣ್ಣೆ ಸೋರದೆ, ಹಾಲ್ ತುಂಬ ಹೊಗೆ ಬಿಡದೆ ವಡೆ ಹಿಟ್ಟು ರುಬ್ಬಿ ಕೊಟ್ಟರೆ ಇರ್ಲಿ. ಇಲ್ದಿದ್ರೆ ಅವ ಗುಜರಿಗೆ, ನೀನು ಸಪ್ಲೈಗೆ. ಆಯ್ತಾ?”

“ಅದೆಂತ ದೊಡ್ಡ ವಿಷಯ ರಾಯರೇ! ದಶಮಿ ದಿನ ಅವನ ಮೇಲೆ ನೀರು ತುಂಬಿದ ಲೋಟ ಇಡ್ತೇನೆ, ತುಳುಕಿದ್ರೆ ನನ್ನ ಮೀಸೆ ಬೋಳಿಸಿ,” ಎಂದೆ.

“ನಿಂಗೆ ಮೀಸೆ ಎಲ್ಲುಂಟು?” ಎಂದರು ರಾಯರು.

ಅದೊಂದು ಬೇರೆ ವಿಷಯ.

ಅಷ್ಟಮಿಯ ಮಧ್ಯಾಹ್ನ ಕೆಲಸಕ್ಕೆ ಕೂತೆ. ಇಂಜಿನ್ನಿನ ಕಾಯಿಲೆ ಏನೇ ಇರಲಿ, ಅದರ ಜಾತಕ ಇರುವುದು ಹೊಟ್ಟೆಯ ಕೆಳಗಿನ ಎಣ್ಣೆ ತಟ್ಟೆಯಲ್ಲಿ. ಮೇಲಿನ ಚಕ್ರ, ದಂಡ, ಬೇರಿಂಗುಗಳೆಲ್ಲ ಮಿಂದ ಎಣ್ಣೆ ಇಳಿದು ನಿಲ್ಲುವುದು ಅದರಲ್ಲಿ. ಮತ್ತೆ ಮೇಲಕ್ಕೆ ಹೋಗುವುದೂ ಅಲ್ಲಿಂದಲೇ. ಆ ತಟ್ಟೆಯನ್ನು ಗಿರಣಿಯವರು ತೊಳೆದಿರಲಿಲ್ಲ, ನಾನೂ ತೊಳೆದಿರಲಿಲ್ಲ. ಸುತ್ತಿದ ಬೆಲ್ಟು ಬಿಚ್ಚಿ, ಅಜ್ಜನನ್ನು ಎರಡು ಮರದ ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದೆ. ಒಬ್ಬನೇ ಎತ್ತಿದೆ. ಭಟ್ಟರೂ ಇಬ್ಬರು ಸಪ್ಲೈಯವರೂ ಹಾಗೇ ಸುಮ್ಮನೆ ಕೈ ತಾಗಿಸಿಕೊಂಡಿದ್ದರು.

ತಳದ ಬಿರಟೆ ತಿರುಗಿಸಿದರೆ ಎಣ್ಣೆ ಬರಬೇಕಲ್ಲ? ಬರಲಿಲ್ಲ. ಒಂದು ಕಡ್ಡಿ ಹಾಕಿ ತಿವಿದ ಮೇಲೆ ಹಲಸಿನ ಮೇಣದಂಥದ್ದೊಂದು ನಿಧಾನಕ್ಕೆ ಇಳಿದು ಬಂತು. ಅಂಚಿನ ಬೋಲ್ಟುಗಳನ್ನು ಒಂದು ಈ ಕಡೆ, ಒಂದು ಆ ಕಡೆ ಎಂದು ಎದುರುಬದುರು ಸಡಿಲಿಸಿದೆ. ಒಂದೇ ಕಡೆಯಿಂದ ಬಿಚ್ಚುತ್ತ ಹೋದರೆ ಅಂಚು ಸೊಟ್ಟಗಾಗುತ್ತದೆ, ಆಮೇಲೆ ಜನ್ಮವಿಡೀ ಸೋರುತ್ತದೆ. ಬೋಲ್ಟೆಲ್ಲ ಬಂದರೂ ತಟ್ಟೆ ಬರಲಿಲ್ಲ. ಮರದ ಸುತ್ತಿಗೆಯಿಂದ ಸುತ್ತಲೂ ಮೆತ್ತಗೆ ತಟ್ಟಿದ ಮೇಲೆ ‘ಉಸ್ಸ್’ ಎಂದು ಅಜ್ಜ ಉಸಿರುಬಿಟ್ಟ, ತಟ್ಟೆ ಕಳಚಿ ನನ್ನ ತೊಡೆಯ ಮೇಲೆ ಕೂತಿತು.

ಅದರಲ್ಲಿದ್ದ ಗಸಿಯನ್ನು ಏನೆಂದು ವರ್ಣಿಸಲಿ! ಬರೋಡಾದ ಎಲ್ಲ ಹೆಂಗಸರಿಗೂ ಮೂರು ತಲೆಮಾರು ಸಾಕಾಗುವಷ್ಟು ಕಾಡಿಗೆ. ಭಟ್ಟರ ಹಳೆಯ ದೋಸೆ ಸಟ್ಟುಗದಿಂದ ಕೆರೆದೆ. ಗಸಿಯ ನಡುವೆ ಪಂಪಿನ ಬಾಯಿಗೆ ಕಟ್ಟಿದ ಜಾಲರಿ ಸಿಕ್ಕಿತು. ಅದರಲ್ಲಿ ತೂತು ಎಂಬುದೇ ಇಲ್ಲ, ಹಾಸಿಗೆಯ ಹಾಗೆ ಹತ್ತಿ ತುಂಬಿದೆ! ಗಿರಣಿಯವರು ಹತ್ತಿಗೇನು ಬರ ಎಂದು ಒಳಗನ್ನೆಲ್ಲ ಹತ್ತಿಯಿಂದಲೇ ಒರೆಸಿದ್ದರು. ಎಳೆ ಎಳೆಯಾಗಿ ಉದುರಿದ್ದೆಲ್ಲ ಬಂದು ಜಾಲರಿಗೆ ಕೂತಿತ್ತು. ಅಜ್ಜ ಇಷ್ಟು ವರ್ಷ ದುಪ್ಪಟಿ ಹೊದ್ದುಕೊಂಡು ಎಣ್ಣೆ ಕುಡಿಯುತ್ತಿದ್ದ. ಬಡಿಯದೆ ಏನು ಮಾಡಿಯಾನು?

ಸೀಮೆಎಣ್ಣೆಯಲ್ಲಿ ಜಾಲರಿ ತೊಳೆದೆ, ತಟ್ಟೆ ತೊಳೆದೆ, ಇಂಜಿನ್ನಿನ ಒಳಗೂ ಎರಚಿ ತೊಳೆದೆ. ಒರೆಸಲಿಕ್ಕೆ ಎಳೆ ಬಿಡದ ಹಳೆ ಮಲ್ ಪಂಚೆ. ಕೆಲಸ ಮುಗಿಯಿತು ಎಂದು ಎದ್ದರೆ ರಾಯರ ಹೆಂಡತಿ ಸುಲೋಚನಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

“ನಾಳೆ ಆಯುಧಪೂಜೆ. ಆ ಕೊಳಕನ್ನು ದೇವರ ಎದುರು ಇಡುದಾ?”

“ತೊಳೆದಾಯ್ತು ಅಕ್ಕ.”

“ಸೀಮೆಎಣ್ಣೆಯಲ್ಲಿ ತೊಳೆದದ್ದು ತೊಳೆದದ್ದಾ? ನಾಳೆಯಿಂದ ನೀನು ಸ್ನಾನವನ್ನೂ ಅದರಲ್ಲೇ ಮಾಡು!”

ಆಮೇಲೆ ನಡೆದದ್ದು ತೊಳೆಯುವಿಕೆಯಲ್ಲ, ತಪಸ್ಸು. ಹಂಡೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸಿದೆ. ಹುಣಸೆಹಣ್ಣು ತಿಕ್ಕಿದೆ. ಬೂದಿ ತಿಕ್ಕಿದೆ. ಅಕ್ಕ ಮೂಸಿ ನೋಡಿ “ಇನ್ನೊಮ್ಮೆ” ಎಂದರು. ಮತ್ತೆ ಕುದಿಸಿ, ಮತ್ತೆ ಹುಣಸೆ, ಮತ್ತೆ ಬೂದಿ. ತಿಕ್ಕುತ್ತ ತಿಕ್ಕುತ್ತ ಕಪ್ಪು ಹೋಗಿ ಕಂದು ಬಂತು, ಕಂದು ಹೋಗಿ ಇದ್ದಕ್ಕಿದ್ದಂತೆ ಚಿನ್ನ! ಅಂದರೆ ಹಿತ್ತಾಳೆ. ಗಿರಣಿಯಲ್ಲಿದ್ದಾಗ ಯಾವಾಗಲೋ ಮೂಲದ ಬೀಡುಕಬ್ಬಿಣದ ತಟ್ಟೆ ಒಡೆದಿರಬೇಕು. ಮಾಂಡವಿ ಪೇಟೆಯ ಯಾರೋ ಕಂಚುಗಾರ ದಪ್ಪ ಹಿತ್ತಾಳೆಯಲ್ಲಿ ಹೊಸತು ಬಡಿದು ಕೊಟ್ಟಿದ್ದ. ಉದ್ದ ಚೌಕ, ನಾಲ್ಕು ಬೆರಳು ಆಳ, ಸಪಾಟು ತಳ. ಪೂಜೆಯ ಪಾತ್ರೆಗಳ ಸಾಲಿನಲ್ಲಿ ತಾರಸಿಯ ಮೇಲೆ ಒಣಗಲು ಕವುಚಿ ಇಟ್ಟೆ. ಅದರ ಹೊಳಪು ಕಣ್ಣಿಗೆ ಬಡಿದು ಅಹಮದಾಬಾದ್ ಪ್ಯಾಸೆಂಜರ್ ರೈಲು ಸಿಗ್ನಲ್ ಎಂದು ತಿಳಿದು ನಿಂತುಬಿಟ್ಟಿತ್ತಂತೆ.

ನವಮಿಯ ಬೆಳಿಗ್ಗೆ ಮಿಂದು, ತಟ್ಟೆ ತರಲು ತಾರಸಿಗೆ ಹೋದೆ. ಪಂಚಪಾತ್ರೆ ಇದೆ, ಹರಿವಾಣ ಇದೆ, ಆರತಿ ತಟ್ಟೆ ಇದೆ. ನನ್ನ ತಟ್ಟೆ ಇಲ್ಲ.

ಕೆಳಗೆ ಬಂದೆ. ಭಟ್ಟರು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, ಮದುವೆ ಮುಗಿಸಿದ ಮಾವನ ಹಾಗೆ ತೃಪ್ತಿಯಿಂದ ನಿಂತಿದ್ದರು.

“ಭಟ್ರೇ, ತಾರಸಿಯಲ್ಲಿ ಒಂದು ಹಿತ್ತಾಳೆ ತಟ್ಟೆ ಇತ್ತಲ್ಲ?”

“ಹೋ, ಎಂಥಾ ತಟ್ಟೆ ಮಾರಾಯ ಅದು! ಅಕ್ಕ ಯಾವಾಗ ತಕೊಂಡದ್ದು? ಮೈಸೂರುಪಾಕಿಗೆ ಅಂತಲೇ ಮಾಡಿಸಿದ್ದು ಕಾಣ್ತದೆ. ತಳದಲ್ಲಿ ಒಂದು ಬಿರಟೆ ಸಹ ಉಂಟು. ಹೆಚ್ಚಾದ ತುಪ್ಪ ಬಸಿಲಿಕ್ಕೆ! ಮೂವತ್ತು ವರ್ಷದಿಂದ ಪಾಕ ಹೊಯ್ತಾ ಇದ್ದೇನೆ, ಇಷ್ಟು ತಲೆ ಓಡಿಸಿದ ತಟ್ಟೆ ನೋಡ್ಲಿಲ್ಲ.”

“ಸುತ್ತ ಅಂಚಿನಲ್ಲಿ ತೂತು ಉಂಟಲ್ಲ ಭಟ್ರೇ! ಅದು ಎಂತಕ್ಕೆ ಅಂತ ಎಣಿಸಿದ್ರಿ?”

“ಅಲಂಕಾರ.”

ದೇವರ ಕೋಣೆಗೆ ಓಡಿದೆ. ಬಾಗಿಲಲ್ಲೇ ಕಾಲು ನಿಂತಿತು. ಮಣೆಯ ಮೇಲೆ, ತುಳಸಿ ದಳ ಹೊತ್ತು, ಬಂಗಾರದ ಬಣ್ಣದ ಮೈಸೂರುಪಾಕು ತುಂಬಿಕೊಂಡು, ಗುಂಡಜ್ಜನ ಎಣ್ಣೆ ತಟ್ಟೆ ಕೂತಿತ್ತು. ಸುಲೋಚನಕ್ಕ ಗಂಟೆ ಕೆಳಗಿಟ್ಟು ನಮಸ್ಕಾರ ಮಾಡಿ ಏಳುತ್ತಿದ್ದರು. ನೈವೇದ್ಯ ಆಗಿಹೋಗಿತ್ತು.

ವಿಷಯ ತಿಳಿದಾಗ ಅಕ್ಕ ಮೊದಲು ಭಟ್ಟರನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ದೇವರನ್ನು. ದೇವರ ಮುಖದಲ್ಲಿ ಆಕ್ಷೇಪ ಏನೂ ಕಾಣಲಿಲ್ಲ.

“ಶುದ್ಧದಲ್ಲಿ ತೊಂದರೆ ಇಲ್ಲ,” ಎಂದರು ಕೊನೆಗೆ. “ತೊಳೆಸಿದ್ದು ನಾನೇ. ನಮ್ಮ ಮಡಿ ಪಾತ್ರೆಗಿಂತ ಚೊಕ್ಕ ಇತ್ತು. ದೇವರು ತಿಂದಾಯ್ತು, ಒಳ್ಳೇದಾಯ್ತು.”

“ಹಾಗಾದ್ರೆ ಪಾಕು ತೆಗೆದು ತಟ್ಟೆ ಕೊಡ್ತೀರಾ ಅಕ್ಕ? ಸಂಜೆಯೊಳಗೆ ಕೂರಿಸ್ಬೇಕು.”

“ಎಲ್ಲಿಗೆ?”

“ಇಂಜಿನ್ನಿಗೆ.”

“ಅದಾಗುದಿಲ್ಲ.” ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅದು ಸಿಕ್ಕಿತೆಂದರೆ ರಾಯರೂ ಹಿತ್ತಲ ಬಾಗಿಲು ಬಿಟ್ಟು ಹೋಟೆಲಿನ ಮುಂಬಾಗಿಲಿನಿಂದ ಓಡಾಡುತ್ತಿದ್ದರು. “ನೈವೇದ್ಯ ಹಿಡಿದ ಪಾತ್ರೆಗೆ ಆ ಟಿನ್ನಿನ ಕಪ್ಪು ಎಣ್ಣೆ ಹೊಯ್ಲಿಕ್ಕೆ ನಾನು ಜೀವ ಇರುವಾಗ ಬಿಡುದಿಲ್ಲ.”

ನನ್ನ ಎದೆಯಲ್ಲಿ ಅಜ್ಜನ ಬಡಿತ ಶುರುವಾಯಿತು. ತಟ್ಟೆ ಇಲ್ಲದೆ ಇಂಜಿನ್ನಿಲ್ಲ. ಹೊಸ ತಟ್ಟೆ ಬಡಿಸೋಣವೆಂದರೆ ಹಬ್ಬದ ದಿನ ಮಾಂಡವಿಯ ಕಂಚುಗಾರರೆಲ್ಲ ಸುತ್ತಿಗೆಗೆ ಹೂವಿಟ್ಟು ಕೂತಿದ್ದಾರೆ. ಬೆಳಗಾದರೆ ಜಶುಭಾಯ್. ರಾಯರು ಬಂದು ಕೇಳಿ, “ಹೋಗ್ಲಿ ಬಿಡು ವಿಠ್ಠಲ, ಅಜ್ಜನಿಗೂ ವಯಸ್ಸಾಯ್ತು,” ಎಂದು ಆಗಲೇ ಸಾವಿನ ಮನೆಯ ಧ್ವನಿ ತೆಗೆದರು.

ಆಗ ನನ್ನ ಕಣ್ಣು ದೇವರ ದೀಪದ ಮೇಲೆ ಬಿತ್ತು. ಪಕ್ಕದಲ್ಲಿ ಎಣ್ಣೆಯ ಗಿಂಡಿ. ಗುಜರಾತಿಗೆ ಬಂದ ಮೇಲೆ ಅಕ್ಕ ದೀಪಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ. ಅಡುಗೆಮನೆಯಲ್ಲೂ ಅದರದ್ದೊಂದು ದೊಡ್ಡ ಡಬ್ಬ ಇತ್ತು; ವರ್ಷದ ತೊಗರಿಬೇಳೆಗೆ ಹುಳ ಬೀಳದಿರಲೆಂದು ಇಲ್ಲಿಯವರ ಹಾಗೆ ನಾವೂ ಹರಳೆಣ್ಣೆ ಸವರಿ ಇಡುತ್ತಿದ್ದೆವು.

“ಅಕ್ಕ, ಕಪ್ಪು ಎಣ್ಣೆ ಬೇಡ. ದೇವರ ದೀಪಕ್ಕೆ ಹಾಕುವ ಎಣ್ಣೆ ಹೊಯ್ದರೆ?”

ಅಕ್ಕ ಯೋಚಿಸಿದರು. ಶಾಸ್ತ್ರದಲ್ಲಿ ಇಂಜಿನ್ನಿನ ವಿಷಯ ಎಲ್ಲಿ ಬರುತ್ತದೆಂದು ಹುಡುಕುತ್ತಿದ್ದರೋ ಏನೋ. “ದೀಪದ ಎಣ್ಣೆಯಾದ್ರೆ... ಅದಕ್ಕೆ ಅಡ್ಡಿ ಇಲ್ಲ,” ಎಂದರು.

“ಹರಳೆಣ್ಣೆಯಾ?” ರಾಯರು ಹೌಹಾರಿದರು. “ಅದು ಹೊಟ್ಟೆ ತೊಳಿಲಿಕ್ಕೆ ಕುಡಿಯುದು ಮಾರಾಯ! ಇಂಜಿನ್ ಓಡ್ತದಾ?”

“ಓಡುದಾ? ಹಾರ್ತದೆ ರಾಯರೇ! ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ವಿಮಾನಕ್ಕೆಲ್ಲ ಹೊಯ್ತಾ ಇದ್ದದ್ದು ಹರಳೆಣ್ಣೆಯೇ. ನಮ್ಮ ಅಜ್ಜ ಅದೇ ಕಾಲದವ. ಅವನಿಗೆ ಟಿನ್ನಿನ ಎಣ್ಣೆ ಹಾಕಿ ನಾವೇ ಹಾಳು ಮಾಡಿದ್ದು.”

ಇದನ್ನು ನಾನು ಎಲ್ಲೂ ಓದಿರಲಿಲ್ಲ, ಯಾರೂ ಹೇಳಿರಲಿಲ್ಲ. ಬಾಯಿ ತೆರೆದಾಗ ಒಳಗಿನಿಂದ ಬಂತು, ಅಷ್ಟೆ. ನನ್ನ ಒಳ್ಳೊಳ್ಳೆಯ ಮಾತುಗಳೆಲ್ಲ ಹಾಗೆಯೇ ಬರುವುದು. ವಿಮಾನ ಎಂದು ಕೇಳಿದ ಕೂಡಲೇ ರಾಯರು ಹರಳೆಣ್ಣೆ ಡಬ್ಬ ತರಲು ತಾವೇ ಅಡುಗೆಮನೆಗೆ ನಡೆದರು.

ಅಕ್ಕ ನಾಳೆಗೆಂದು ತೆಗೆದಿಟ್ಟ ಪ್ರಸಾದ ಬಿಟ್ಟರೆ ಮೈಸೂರುಪಾಕು ಸಂಜೆಯೊಳಗೆ ಖಾಲಿಯಾಯಿತು. ನಾನೇ ಕಾಲು ಭಾಗ ಖಾಲಿ ಮಾಡಿದೆ, ಕರ್ತವ್ಯ ಎಂದು. ತಟ್ಟೆ ತೊಳೆದು ಒಣಗಿಸಿ, ಎಣ್ಣೆ ಸೋರದ ಹಾಗೆ ದಪ್ಪ ರಟ್ಟಿನಲ್ಲಿ ಅಂಚಿನ ಆಕಾರಕ್ಕೆ ಪ್ಯಾಕಿಂಗ್ ಕತ್ತರಿಸಿ, ಅದನ್ನು ಹರಳೆಣ್ಣೆಯಲ್ಲಿ ನೆನೆಸಿ ನಡುವೆ ಇಟ್ಟೆ. ಬೋಲ್ಟುಗಳನ್ನು ಮತ್ತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಡಬ್ಬದ ಹರಳೆಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಹೊಯ್ದೆ. ಅಕ್ಕ ಬಂದು ಅಜ್ಜನ ಹಣೆಗೆ ಕುಂಕುಮ ಇಟ್ಟು, ಚೆಂಡುಹೂವಿನ ಮಾಲೆ ಹಾಕಿದರು. ಆಯುಧಪೂಜೆಯಾದದ್ದರಿಂದ ಅಂದು ಅವನನ್ನು ಓಡಿಸುವಂತಿಲ್ಲ. ಅಂದರೆ ಪರೀಕ್ಷೆ ಏನಿದ್ದರೂ ನಾಳೆ, ಎಲ್ಲರ ಎದುರೇ.

ದಶಮಿಯ ಬೆಳಿಗ್ಗೆ ಜಶುಭಾಯ್ ಕೈಗಾಡಿಯಲ್ಲಿ ಮೋಟರು ಹೇರಿಸಿಕೊಂಡು ಬಂದ. ಮೋಟರಿಗೂ ಹೂವಿನ ಮಾಲೆ! ಉಳಿಸಿಟ್ಟಿದ್ದ ಪ್ರಸಾದದ ಮೈಸೂರುಪಾಕನ್ನು ಅಕ್ಕ ಒಂದು ತಟ್ಟೆ ತುಂಬ ಕೊಟ್ಟರು. ಆತ ಒಂದೊಂದಾಗಿ ಒಳಗಿಳಿಸುತ್ತ, ಅಜ್ಜನ ಹೊಟ್ಟೆಯ ಕೆಳಗೆ ಒಂದು ಬಿಳಿ ಕಾಗದ ಹಾಸಿದ. “ಒಂದು ಹನಿ ಬಿದ್ದರೂ ಲೆಕ್ಕ, ಶೇಠ್!”

ನಾನು ಹ್ಯಾಂಡಲ್ ಹಿಡಿದು ತಿರುಗಿಸಿದೆ. ತಿರುಗಲಿಲ್ಲ. ಹರಳೆಣ್ಣೆ ಮೊದಲೇ ದಪ್ಪ, ರಾತ್ರಿಯ ತಂಪಿಗೆ ಇನ್ನೂ ದಪ್ಪವಾಗಿ ಅಜ್ಜನ ಕೈಕಾಲು ಹಿಡಿದುಕೊಂಡಿತ್ತು. ಮತ್ತೆ ತಿರುಗಿಸಿದೆ. ಅರ್ಧ ಸುತ್ತು ಬಂದು, ‘ಉಹುಂ’ ಎಂದು ನಿಂತ. ಜಶುಭಾಯ್ ಮೋಟರಿನ ಹಗ್ಗ ಬಿಚ್ಚತೊಡಗಿದ. ನೆನೆದ ಉದ್ದು ಕಲ್ಲಿನಲ್ಲಿ ಕಾಯುತ್ತಿತ್ತು, ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ರಾಯರು ನನ್ನ ಮುಖ ನೋಡಲಿಲ್ಲ. ಸಪ್ಲೈಯವರ ಒರೆಸುವ ಬಟ್ಟೆ ತೂಗುಹಾಕುವ ಮೊಳೆಯನ್ನು ನೋಡಿದರು. ನನ್ನ ಜಾಗ ಅದು, ನಾಳೆಯಿಂದ.

“ಎಂತ ವಿಠ್ಠಲ, ನಿನ್ನ ವಿಮಾನಕ್ಕೆ ಚಳಿಯಾ?” ಎಂದರು ಭಟ್ಟರು ಒಲೆಯ ಕಡೆಯಿಂದ.

ಚಳಿ! ನನ್ನ ತಲೆಯಲ್ಲಿ ದೀಪ ಹತ್ತಿತು. ಬಿರಟೆ ತಿರುಗಿಸಿ ಅಷ್ಟೂ ಎಣ್ಣೆಯನ್ನು ಒಂದು ಬೋಗುಣಿಗೆ ಬಸಿದು, ಓಡಿಹೋಗಿ ಭಟ್ಟರ ಒಲೆಯ ಮೇಲಿಟ್ಟೆ.

“ಏ, ಏ! ಎಂತ ಮಾಡ್ತಿ?”

“ಬಿಸಿ ಮಾಡ್ತೇನೆ ಭಟ್ರೇ, ಸ್ವಲ್ಪ.”

“ಹೇಗೂ ಇಟ್ಟಿದ್ದಿ, ಸಾಸಿವೆ ಕರಿಬೇವು ಹಾಕ್ಲಾ?”

ಬೆರಳಿಗೆ ಹಿತವಾಗುವಷ್ಟು ಕಾಯಿಸಿ, ತಂದು ಹೊಯ್ದು, ಪೆಟ್ರೋಲಿನ ಗುಟುಕು ಕೊಟ್ಟು ಹ್ಯಾಂಡಲ್ ತಿರುವಿದೆ. ಗಾಲಿ ಬೆಣ್ಣೆಯ ಮೇಲೆ ಜಾರಿದ ಹಾಗೆ ಸುತ್ತಿತು. ಅಜ್ಜ ಒಮ್ಮೆ ಸೀನಿದ. ಎರಡನೆಯ ಸಲ ಎದ್ದೇ ಎದ್ದ!

ಆದರೆ ಕೆಮ್ಮಿಲ್ಲ. ಅವಲಕ್ಕಿ ಕುಟ್ಟುವ ಸದ್ದಿಲ್ಲ. ‘ತುಪ್ ತುಪ್ ತುಪ್’ ಎಂದು, ಊಟ ಮಾಡಿ ಮಲಗಿದ ಬೆಕ್ಕಿನ ಉಸಿರಿನ ಹಾಗೆ. ಕಲ್ಲು ತಿರುಗಿತು, ಉದ್ದು ನೊರೆಯಾಗಿ ಉಬ್ಬಿ ಬಂತು. ನಾನು ಮಾತಿಗೆ ತಪ್ಪುವವನಲ್ಲ. ನೀರು ತುಂಬಿದ ಲೋಟ ಅಜ್ಜನ ನೆತ್ತಿಯ ಮೇಲಿಟ್ಟೆ. ತುಳುಕಿದ್ದು ನಿಜ, ಆದರೆ ಮೀಸೆ ಇಲ್ಲದವನನ್ನು ಯಾರೇನು ಮಾಡಿಯಾರು? ಹೊಗೆ ತೆಳ್ಳಗೆ ಸಣ್ಣ ಎಳೆಯಾಗಿ ಎದ್ದು, ಆರತಿ ಮುಗಿದ ಮೇಲೆ ದೇವಸ್ಥಾನದಲ್ಲಿ ಬರುವಂಥ ವಾಸನೆ ಹಿತ್ತಲಲ್ಲಿ ಹರಡಿತು. ಓಣಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯ ಗುಜರಾತಿ ಅಜ್ಜಿ ನಿಂತು ನಮ್ಮ ಗೋಡೆಗೆ ಕೈಮುಗಿದಳು.

ಜಶುಭಾಯ್ ನಂಬಲಿಲ್ಲ. ಕಾಗದ ಎಳೆದು ನೋಡಿದ, ಮೋಡವಿಲ್ಲದ ಆಕಾಶದ ಹಾಗೆ ಖಾಲಿ. ಹೊಗೆಕೊಳವೆಯ ಹತ್ತಿರ ಕೂತು, ಮೂಗು ಒಳಗಿಟ್ಟು, ತುಂಬ ಹೊತ್ತು ತಪಾಸಣೆ ಮಾಡಿದ. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು, ಮುಖ ಬಿಗಿಹಿಡಿದು, ನಮ್ಮ ಪಾಯಿಖಾನೆ ಎಲ್ಲಿದೆ ಎಂದು ಕೇಳಿ ಓಡಿದ. ಅದಕ್ಕೆ ಕಾರಣ ಹರಳೆಣ್ಣೆಯ ಹೊಗೆಯೋ ಭಟ್ಟರ ಮೈಸೂರುಪಾಕೋ ನಾನು ಹೇಳಲಾರೆ. ಹೊಗೆಯೇ ಎಂದು ಭಟ್ಟರು ಇಂದಿಗೂ ಆಣೆ ಹಾಕುತ್ತಾರೆ.

ಆತ ವಾಪಸು ಬರುವ ಹೊತ್ತಿಗೆ ಮೊದಲ ವಡೆ ಎಣ್ಣೆಯಿಂದ ಎದ್ದಿತ್ತು. ರಾಯರು ಅದನ್ನು ಮುರಿದರು, ಒಳಗೆ ನೋಡಿದರು, ಬಾಯಿಗೆ ಹಾಕಿದರು.

“ಶೇಠ್, ಮೋಟರ್?” ಎಂದ ಜಶುಭಾಯ್.

“ಈ ದಸರಕ್ಕೆ ಬೇಡ ಭಾಯ್,” ಎಂದರು ರಾಯರು ಮೆತ್ತಗೆ. “ವಡೆ ತಿನ್ನು.”

ಅವರು ಮೆತ್ತಗೆ ಹೇಳಿದ್ದನ್ನು ಬದಲಿಸುವವರಲ್ಲ ಎಂದು ಮೊದಲೇ ಹೇಳಿದ್ದೇನೆ.

ಸ್ವಲ್ಪ ದಿನದ ನಂತರ ರಿಫೈನರಿಯ ಇಂಜಿನಿಯರ್ ಪಟ್ಟಾಭಿರಾಮ ಎಂಬವರು, ಮೈಸೂರಿನ ಕಡೆಯವರು, ದೋಸೆಗೆ ಬಂದಾಗ ನಾನು ನನ್ನ ವಿಮಾನದ ಕತೆ ಬಿಟ್ಟೆ. ಅವರು ಚಟ್ನಿ ಅದ್ದುತ್ತಲೇ, “ಹೌದ್ರೀ, ಆಗಿನ ವಿಮಾನಗಳಿಗೆ ಹರಳೆಣ್ಣೆನೇ ಹಾಕ್ತಿದ್ದಿದ್ದು. ನಿಮಗ್ ಹ್ಯಾಗ್ ಗೊತ್ತು?” ಎಂದುಬಿಟ್ಟರು. ನನಗಾದ ನಿರಾಸೆ ಅಷ್ಟಿಷ್ಟಲ್ಲ. ಬೆವರು ಸುರಿಸಿ ಹುಟ್ಟಿಸಿದ ಒಂದು ಮಾತು, ನೋಡಿದರೆ ಎಲ್ಲರಿಗೂ ಗೊತ್ತಿರುವ ನಿಜ! ಅದೇ ಗೃಹಸ್ಥರು ಇನ್ನೊಂದು ಮಾತು ಹೇಳಿದರು: ಹರಳೆಣ್ಣೆ ಕೆಲಸದಲ್ಲಿ ಒಳ್ಳೆಯದು, ಆದರೆ ಬೇಗ ಅಂಟಾಗುತ್ತದೆ, ತಟ್ಟೆಯನ್ನು ಮತ್ತೆ ಮತ್ತೆ ಇಳಿಸಿ ತೊಳೆಯುತ್ತಲೇ ಇರಬೇಕು.

ಸಪ್ಲೈಗೆ ಹೋಗಲು ಮನಸ್ಸಿಲ್ಲದ ಮೆಕ್ಯಾನಿಕ್ಕಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಆಮೇಲೆ ತಿಂಗಳಿಗೊಮ್ಮೆ ಅಜ್ಜನ ಹೊಟ್ಟೆ ಬಿಚ್ಚುತ್ತಿದ್ದೆ. ಸೋಡಾದಲ್ಲಿ ಕುದಿ, ಹುಣಸೆ, ಬೂದಿ, ಅಕ್ಕನ ಮೂಗಿನ ಪರೀಕ್ಷೆ. ತಟ್ಟೆ ತಾರಸಿಯಲ್ಲಿ ಒಣಗುವ ದಿನ ಭಟ್ಟರು ತುಪ್ಪ ಕರಗಿಸಿಕೊಂಡು ಕಾಯುತ್ತಿದ್ದರು. ಬೇರೆ ಯಾವ ತಟ್ಟೆಯಲ್ಲಿ ಹೊಯ್ದರೂ ಪಾಕಿನ ಒಳಗೆ ಜೇನುಹುಟ್ಟಿನಂಥ ಆ ಗೂಡು ಬರುವುದಿಲ್ಲವಂತೆ. ಒಂದು ಹೊಯ್ಲು ಪಾಕು, ನೈವೇದ್ಯ, ಆಮೇಲೆ ಹರಳೆಣ್ಣೆ ತುಂಬಿ ವಾಪಸು ಅಜ್ಜನ ಹೊಟ್ಟೆಗೆ. ಆ ದಿನ ಮಾತ್ರ ಹೇಗೋ ವಾಸನೆ ಹಿಡಿದು ಜಶುಭಾಯ್ ಸುರತ್ತಿನಲ್ಲಿದ್ದರೂ ರೈಲು ಹತ್ತಿ ಬರುತ್ತಿದ್ದ. ಮೋಟರಿನ ಮಾತು ತೆಗೆಯುತ್ತಿರಲಿಲ್ಲ. ಗಲ್ಲಾದ ಪಕ್ಕ ಕೂತು, ಹಿತ್ತಲ ಕಡೆ ಕುತ್ತಿಗೆ ಉದ್ದ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದ:

“ವಿಠ್ಠಲಭಾಯ್, ಇವತ್ತು ತಟ್ಟೆ ಅಜ್ಜನ ಕೆಳಗಿದೆಯೋ, ತಾರಸಿಯ ಮೇಲಿದೆಯೋ?”